ಅಕ್ಕನ ಕೈಗೆ ಸಿಗದ ದೆವ್ವಗಳು

ಕಳೆದ ವಾರ ನಾನು ಮೂವತ್ತೆಂಟು ದೆವ್ವಗಳನ್ನು ಕೊಂದೆ. ನಮ್ಮ ಅಕ್ಕ ಒಂದನ್ನೂ ಕೊಲ್ಲಲಿಲ್ಲ.

ಗಾಬರಿ ಬೇಡ. ಜಾಗ ದಟ್ಟಗಳ್ಳಿ, ಹೊತ್ತು ಬೆಳಿಗ್ಗೆ ಹನ್ನೊಂದು ಗಂಟೆ, ಬಂದೂಕು ಪ್ಲಾಸ್ಟಿಕ್‌ನದು. ನನ್ನ ಹಳೆಯ ವಿದ್ಯಾರ್ಥಿನಿ ಮಂಜುಳಾ ಅಲ್ಲೊಂದು ಕಾಂಪ್ಲೆಕ್ಸಿನ ಮೊದಲ ಮಹಡಿಯಲ್ಲಿ ಗೇಮ್ ಸೆಂಟರ್ ನಡೆಸುತ್ತಾಳೆ. ಕಾರು ಓಡಿಸುವ ಮೆಷಿನ್ ಇದೆ, ಬಾಸ್ಕೆಟ್‌ಬಾಲ್ ಎಸೆಯುವ ಮೆಷಿನ್ ಇದೆ. ಮೂಲೆಯಲ್ಲಿ ಕಪ್ಪು ಪರದೆ ಇಳಿಬಿಟ್ಟ, ಇಬ್ಬರು ಕೂರುವಷ್ಟು ಗೂಡಿನಂಥ ಮೆಷಿನ್ ಒಂದಿದೆ. ಅದಕ್ಕೆ ಏನೋ ಉದ್ದದ ಇಂಗ್ಲಿಷ್ ಹೆಸರು. ಮಂಜುಳಾ ಕರೆಯುವುದು ದೆವ್ವದ ಮೆಷಿನ್ ಅಂತ. ನಾನೂ ಹಾಗೇ ಕರೆಯುತ್ತೇನೆ.

(ಒಂಬತ್ತನೇ ಕ್ಲಾಸಿನಲ್ಲಿ ಈ ಹುಡುಗಿಯ ಗಣಿತದ ಪೇಪರಿಗೆ ನಾನು ಸುರಿದ ಕೆಂಪು ಶಾಯಿ ಕಡಿಮೆಯದಲ್ಲ. ಈಗ ಅವಳು ನನ್ನನ್ನು ಕೂರಿಸಿ ಕಾಫಿ ಕೊಡುತ್ತಾಳೆ. ದೊಡ್ಡ ಮನಸ್ಸು.)

ಐವತ್ತು ದಾಟಿದ ಇಬ್ಬರು ಹೆಂಗಸರಿಗೆ ಅಲ್ಲೇನು ಕೆಲಸ ಅಂತ ಕೇಳುತ್ತೀರಿ. ಕೇಳಬೇಕಾದ್ದೇ.

ನಮ್ಮ ಅಕ್ಕ ಸರೋಜ ಲ್ಯಾಬ್ ಟೆಕ್ನಿಷಿಯನ್. ಜಯಲಕ್ಷ್ಮಿಪುರಂನ ಒಂದು ಚಿಕ್ಕ ಲ್ಯಾಬಿನಲ್ಲಿ ಮೂವತ್ತು ವರ್ಷದಿಂದ ರಕ್ತ ತೆಗೆಯುತ್ತಿದ್ದಾಳೆ. ಬೆಳಿಗ್ಗೆ ಆರೂವರೆಯೊಳಗೆ ಸ್ಕೂಟರ್ ಹತ್ತಿ ಮನೆಮನೆಗೆ ಹೋಗುತ್ತಾಳೆ. ಶುಗರ್, ಥೈರಾಯ್ಡ್, ಕೊಲೆಸ್ಟ್ರಾಲ್, ಯಾವುದಾದರೂ ಸರಿ. ಎಂಥಾ ಸಪೂರ ಕೈಯಾದರೂ ಎರಡು ಬೆರಳಿಟ್ಟು ಒಂದು ಕ್ಷಣ ಸುಮ್ಮನಿರುತ್ತಾಳೆ. ಅಷ್ಟೇ. ರಕ್ತನಾಳ ಸಿಕ್ಕಿರುತ್ತದೆ. ಚುಚ್ಚಿದ್ದು ಗೊತ್ತಾಗಲಿಲ್ಲ ಅಂತ ಜನ ಹೇಳುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಮಕ್ಕಳಿಗೆ ರಕ್ತ ತೆಗೆಯಬೇಕಾದರೆ ‘ಸರೋಜಮ್ಮ ಇದ್ದಾರಾ?’ ಅಂತ ಫೋನು ಮಾಡಿಕೊಂಡೇ ಬರುತ್ತಾರೆ.

ಅಂಥ ಅಕ್ಕ ಹೋದ ತಿಂಗಳು ಯಾದವಗಿರಿಯ ಒಂದು ಮನೆಯಲ್ಲಿ ಎಡವಿದಳು. ವಯಸ್ಸಾದ ಯಜಮಾನರು. ಒಂದು ಸಲ ಚುಚ್ಚಿದಳು, ಸಿಗಲಿಲ್ಲ. ಇನ್ನೊಂದು ಕೈ ನೋಡಿದಳು, ಸಿಗಲಿಲ್ಲ. ಮೂರನೇ ಸಲವೂ ಇಲ್ಲ. ಯಜಮಾನರು ಏನೂ ಅನ್ನಲಿಲ್ಲ, ಪಾಪ. ಸೊಸೆ ಬಾಗಿಲವರೆಗೂ ಬಂದು ತುಂಬಾ ಮರ್ಯಾದೆಯಿಂದ ಒಂದು ಮಾತು ಹೇಳಿದರಂತೆ: “ಮುಂದಿನ ಸಲ ಬೇರೆ ಯಾರಾದ್ರೂ ಇದ್ರೆ ಕಳಿಸ್ತೀರಾ ಮೇಡಂ?”

ಬೈದಿದ್ದರೆ ಅಕ್ಕ ಮರೆತುಬಿಡುತ್ತಿದ್ದಳೇನೋ. ಮರ್ಯಾದೆಯಿಂದ ಹೇಳಿದ್ದು ಒಳಗೆ ಹೋಗಿ ಕೂತುಬಿಟ್ಟಿತು.

ಅವತ್ತಿನಿಂದ ಅವಳು ತನ್ನ ಬಲಗೈಯನ್ನು ನೋಡಿಕೊಳ್ಳಲು ಶುರು ಮಾಡಿದಳು. ಕಾಫಿ ಲೋಟ ಎತ್ತುವಾಗ, ಹೂವು ಕಟ್ಟುವಾಗ, ಸೂಜಿಗೆ ದಾರ ಪೋಣಿಸುವಾಗ. ಅದೇ ಹೊತ್ತಿಗೆ ಲ್ಯಾಬಿನ ಡಾಕ್ಟರಮ್ಮ ಕೇಳಿದ್ದರು, ಇನ್ನೊಂದು ವರ್ಷ ಇರ್ತೀರಾ ಸರೋಜಾ, ಹಬ್ಬ ಕಳೆದ ಮೇಲೆ ಹೇಳಿ ಅಂತ. ಬೇರೆ ವರ್ಷವಾಗಿದ್ದರೆ ಈ ಪ್ರಶ್ನೆಗೆ ಅಕ್ಕ ನಕ್ಕುಬಿಡುತ್ತಿದ್ದಳು. ಈ ಸಲ ನಗಲಿಲ್ಲ.

ಆಯುಧಪೂಜೆ, ವಿಜಯದಶಮಿ ಎಲ್ಲ ಮುಗಿಯಿತು. ಊರಿಗೆ ಬಂದ ಜನ ಕರಗಿದರು. ಅಕ್ಕ ಮಾತ್ರ ಸಪ್ಪಗೆ ಕೂತಿದ್ದಳು. ಸ್ವಲ್ಪ ಗಾಳಿ ಬದಲಾಗಲಿ, ನಾಲ್ಕು ಮಾತಾಡಿ ನಗಲಿ ಅಂತ ನಾನೇ ಅವಳನ್ನು ಮಂಜುಳಾಳ ಗೇಮ್ ಸೆಂಟರಿಗೆ ಎಳೆದುಕೊಂಡು ಹೋದೆ. ನನಗೆ ಅದು ಆಟ. ಅವಳಿಗೆ ಅದು ಪರೀಕ್ಷೆಯಾಗಿತ್ತು. ಇದು ನನಗೆ ಗೊತ್ತಾಗಿದ್ದು ಆಮೇಲೆ.

ಗೇಮಿನ ಬಗ್ಗೆ ಹೇಳಿಬಿಡುತ್ತೇನೆ. ಇದರಲ್ಲಿ ನೀವು ನಡೆಯುವಂತಿಲ್ಲ. ದಾರಿಯನ್ನು ಮೊದಲೇ ಹಳಿಯಂತೆ ಹಾಕಿಟ್ಟಿದ್ದಾರೆ. ವಸ್ತುಪ್ರದರ್ಶನದ ಪುಟಾಣಿ ರೈಲಿನಲ್ಲಿ ಕೂತ ಹಾಗೆ, ಅದೇ ನಿಮ್ಮನ್ನು ಕರೆದುಕೊಂಡು ಹೋಗುತ್ತದೆ. ಅದು ನಿಂತರೆ ನೀವು ನಿಲ್ಲಬೇಕು. ಅದು ಎಡಕ್ಕೆ ತಿರುಗಿದರೆ ನೀವು ಎಡಕ್ಕೆ ನೋಡಬೇಕು. ನಿಮ್ಮದು ಒಂದೇ ಕೆಲಸ. ಕಂಡ ದೆವ್ವಕ್ಕೆ ಗುಂಡು ಹೊಡೆಯುವುದು.

ಇದು ಒಳ್ಳೆಯದೋ ಕೆಟ್ಟದ್ದೋ? ನನ್ನಂಥವರಿಗೆ ಒಳ್ಳೆಯದೇ. ಮೊಬೈಲ್ ಗೇಮುಗಳಲ್ಲಿ ಎಡಗೈ ಹೆಬ್ಬೆರಳಿಗೆ ಒಂದು ಕೆಲಸ, ಬಲಗೈ ಹೆಬ್ಬೆರಳಿಗೆ ಇನ್ನೊಂದು. ನಾನು ಗೋಡೆಗೆ ಮುಖ ಮಾಡಿ ನಿಂತಿರುತ್ತೇನೆ, ಹಿಂದಿನಿಂದ ಯಾರೋ ಬಂದು ನನ್ನನ್ನು ಮುಗಿಸಿರುತ್ತಾರೆ. ಇಲ್ಲಿ ಆ ರಗಳೆ ಇಲ್ಲ. ಬಂದೂಕು ಎತ್ತಿದರೆ ಆಟ ಬಂದ ಹಾಗೇ. ಐದು ನಿಮಿಷದಲ್ಲಿ ಯಾರು ಬೇಕಾದರೂ ಕಲಿಯಬಹುದು. ಇಬ್ಬರು ಪಕ್ಕಪಕ್ಕ ಕೂತು ಕಿರುಚಾಡಬಹುದು. ಕಿರುಚಾಡಲು ನಮಗೆ ಬೇರೆ ಜಾಗ ಎಲ್ಲಿದೆ ಹೇಳಿ?

ಕಥೆ ನಡೆಯುವುದು ಒಂದು ಪಾಳು ಆಸ್ಪತ್ರೆಯಲ್ಲಿ. ಹೆದರಿಸುವ ಕಲೆ ಇದನ್ನು ಮಾಡಿದವರಿಗೆ ಚೆನ್ನಾಗಿ ಗೊತ್ತು. ದೆವ್ವ ಬಂದಾಗ ಅಷ್ಟು ಹೆದರಿಕೆ ಆಗುವುದಿಲ್ಲ. ಬರುವ ಮೊದಲು ಆಗುತ್ತದೆ. ಉದ್ದನೆಯ ಖಾಲಿ ವರಾಂಡ. ಟ್ಯೂಬ್‌ಲೈಟ್ ಒಂದು ಚಟಪಟ ಅನ್ನುತ್ತಿದೆ. ಎಲ್ಲೋ ಸ್ಟ್ರೆಚರ್ ಉರುಳುವ ಸದ್ದು. ಲಿಫ್ಟಿನ ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಒಳಗೆ ಯಾರೂ ಇಲ್ಲ, ಬಾಗಿಲು ಮುಚ್ಚಿಕೊಳ್ಳುತ್ತದೆ. ನಾನು ಅಲ್ಲೇ ಅಕ್ಕನ ತೋಳು ಹಿಡಿದುಕೊಂಡಿದ್ದೆ. ಆ ಲಿಫ್ಟಿಗೆ ಹತ್ತಕ್ಕೆ ಹತ್ತು ಕೊಡುತ್ತೇನೆ. ನನ್ನ ಸರ್ವಿಸಿನಲ್ಲಿ ನಾನು ಹತ್ತಕ್ಕೆ ಹತ್ತು ಕೊಟ್ಟಿದ್ದು ಕಡಿಮೆ.

ಅಕ್ಕ ಹೆದರಲಿಲ್ಲ. ಅವಳಿಗೆ ಆಸ್ಪತ್ರೆ ಅಂದರೆ ಆಫೀಸು.

“ಆ ಡ್ರಿಪ್ ಬಾಟ್ಲು ನೋಡೇ, ತಲೆಕೆಳಗು ಮಾಡ್ದೆ ನೆಟ್ಟಗೆ ನಿಲ್ಸಿದ್ದಾರೆ. ಒಂದು ಹನಿನಾದ್ರೂ ಇಳಿಯತ್ತಾ?” ಅಂದಳು.

ಮೊದಲ ದೆವ್ವ ಬಂತು. ಆಸ್ಪತ್ರೆಯ ಗೌನು ಹಾಕಿಕೊಂಡು, ಎರಡು ಕೈ ಮುಂದೆ ಚಾಚಿಕೊಂಡು. ನಾನು ಕಣ್ಣು ಅರ್ಧ ಮುಚ್ಚಿಕೊಂಡೇ ಹೊಡೆದೆ. ರಕ್ತ ಗೋಡೆಗೆಲ್ಲ ಚಿಮ್ಮಿತು.

“ಥೂ, ಇದೆಂಥ ರಕ್ತನೇ? ಟೊಮ್ಯಾಟೊ ಸಾಸ್ ಇದ್ದಂಗಿದೆ. ರಕ್ತ ಇಷ್ಟು ಕೆಂಪಗಿರಲ್ಲ ಕಣೇ, ಕಪ್ಪುಕಪ್ಪಗಿರುತ್ತೆ. ಅಲ್ಲಾ, ಇವ್ರು ಸತ್ತು ಎಷ್ಟು ದಿನ ಆಯ್ತು? ಸತ್ತೋರಿಗೆ ರಕ್ತ ಚಿಮ್ಮುತ್ತಾ? ಹಾರ್ಟ್ ಬೇಡ್ವಾ ಪಂಪ್ ಮಾಡಕ್ಕೆ?”

ದೆವ್ವದ ಗೇಮಿಗೆ ಇಂಥ ವಿಮರ್ಶೆ ಇದುವರೆಗೆ ಯಾರೂ ಬರೆದಿರಲಾರರು. ಇನ್ನೊಂದು ಮಾತನ್ನೂ ಅವಳು ಹೇಳಿದಳು. “ಪಾಪ, ಇವ್ರೆಲ್ಲ ಪೇಷೆಂಟ್‌ಗಳಲ್ವೇನೇ? ಯಾರೂ ನೋಡ್ಕೊಳ್ದೆ ಹಿಂಗಾಗಿದ್ದಾರೆ.” ಹಾಗಂದವಳೇ ಬಂದೂಕು ಎತ್ತಿ ಗುರಿಯಿಟ್ಟಳು. ಕನಿಕರ ಬೇರೆ, ಕೆಲಸ ಬೇರೆ.

ಗುಂಡು ತಗುಲಲಿಲ್ಲ.

ಮತ್ತೆ ಹೊಡೆದಳು. ಇಲ್ಲ. ದೆವ್ವ ಹತ್ತಿರ ಬಂತು, ಮುಖಕ್ಕೇ ಬಂತು, ಪರಚಿತು. ಅಕ್ಕನ ಕಡೆಯ ತೆರೆ ಕೆಂಪಾಯಿತು. ಅವಳ ಜೀವ ಒಂದು ಹೋಯಿತು. ಅಷ್ಟರಲ್ಲಿ ನಾನು ನನ್ನ ನೀಲಿ ಬಂದೂಕಿನಿಂದ ಮೂರು ದೆವ್ವ ಬೀಳಿಸಿದ್ದೆ.

ಈ ಗೇಮಿನ ದೊಡ್ಡ ಕೊರತೆ ಇಲ್ಲಿದೆ ನೋಡಿ. ಗುಂಡು ಎಲ್ಲಿಗೆ ಹೋಯಿತು ಅಂತ ಇದು ತೋರಿಸುವುದಿಲ್ಲ. ತೆರೆಯ ಮೇಲೆ ಒಂದು ಚುಕ್ಕೆ ಇಲ್ಲ, ಗೋಡೆಯಲ್ಲಿ ಒಂದು ತೂತು ಬೀಳುವುದಿಲ್ಲ. ಎಡಕ್ಕೆ ಹೋಯಿತೋ, ಬಲಕ್ಕೋ, ಮೇಲಕ್ಕೋ? ಗೊತ್ತಾದರೆ ತಾನೆ ತಿದ್ದಿಕೊಳ್ಳುವುದು? ಪೇಪರಿನ ಮೇಲೆ ಬರೀ ಸೊನ್ನೆ ಬರೆದು ಎಸೆಯುವ ಮೇಷ್ಟರ ಥರ. (ಅಂಥ ಮೇಷ್ಟರುಗಳ ಬಗ್ಗೆ ನನಗೆ ಚೆನ್ನಾಗಿ ಗೊತ್ತು. ಹೇಗೆ ಅಂತ ಮಂಜುಳಾಳನ್ನು ಕೇಳಿ.)

ಹಳಿಯ ತೊಂದರೆಯೂ ಆಗಲೇ ಕಂಡಿದ್ದು. ತಪ್ಪಿದ ದೆವ್ವವನ್ನು ನಿಂತು ನೋಡುವ ಹಾಗಿಲ್ಲ. ಒಂದು ಹೆಜ್ಜೆ ಹಿಂದೆ ಹೋಗಿ ಉಸಿರು ತೆಗೆದುಕೊಳ್ಳುವ ಹಾಗಿಲ್ಲ. ಬಲಬದಿಯ ರೂಮಿನಲ್ಲಿ ಒಬ್ಬ ನರ್ಸ್ ಮೇಜಿನ ಕೆಳಗೆ ಅಡಗಿ ಅಳುತ್ತಿದ್ದಳು. ಅವಳಿಗೇನಾಯಿತು ಅಂತ ಅಕ್ಕನಿಗೆ ನೋಡಬೇಕಿತ್ತು. ಗೇಮು ಎಡಕ್ಕೆ ತಿರುಗಿತು. ನರ್ಸ್ ಕಥೆ ಅಲ್ಲಿಗೇ ಮುಗಿಯಿತು.

ಎರಡನೇ ಆಟ. ಅಕ್ಕ ಸೊನ್ನೆ.

ಮೂರನೇ ಆಟದ ಹೊತ್ತಿಗೆ ನನಗೆ ಯಾವ ಬಾಗಿಲಿನಿಂದ ಯಾವ ದೆವ್ವ ಬರುತ್ತದೆ ಅಂತ ಬಾಯಿಪಾಠವಾಗಿತ್ತು. ಇದೂ ಒಂದು ಕೊರತೆಯೇ. ದೆವ್ವಗಳು ಬಸ್ಸಿನ ಟೈಮಿಗಿಂತ ಕರಾರುವಾಕ್ಕಾಗಿ ಅದೇ ಜಾಗಕ್ಕೆ ಬರುತ್ತವೆ. ಹೆದರಿಕೆ ಎಲ್ಲಿಂದ ಬರಬೇಕು? ಆದರೆ ಗೆಲ್ಲುವವರಿಗೆ ಇದರಷ್ಟು ಮಜಾ ಇನ್ನೊಂದಿಲ್ಲ. ಬಾಗಿಲು ತೆರೆದುಕೊಳ್ಳುವ ಮೊದಲೇ ನಾನು ಗುರಿ ಹಿಡಿದು ಕೂತಿದ್ದೆ. ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುವ ಹೆಂಗಸು ನಾನು, ಒಂದೇ ಆಟದಲ್ಲಿ ಮೂವತ್ತೆಂಟು!

ಜಂಬ ನೆತ್ತಿಗೇರಿತು. ಅಕ್ಕನ ಕಡೆ ತಿರುಗಿ ಹೇಳಿಯೂಬಿಟ್ಟೆ: “ಏನೇ ಸರೋಜಕ್ಕ, ಊರೋರ ಕೈಲೆಲ್ಲ ನರ ಹುಡುಕ್ತೀಯ, ಆನೆ ಗಾತ್ರದ ದೆವ್ವ ಕಾಣ್ಸಲ್ವಾ?”

ಅವಳು ಬಂದೂಕನ್ನು ಅದರ ಗೂಡಿಗೆ ಇಟ್ಟಳು. ಪರ್ಸಿನಿಂದ ಸ್ಪಿರಿಟ್ ಹತ್ತಿ ತೆಗೆದು ಕೈ ಒರೆಸಿಕೊಂಡಳು. ಹೊರಗೆ ಹೋಗಿ ಕುರ್ಚಿಯ ಮೇಲೆ ಕೂತು ಮೊಬೈಲಿನಲ್ಲಿ ಏನೋ ಬರೆದಳು.

ಬಂದೂಕು ಬದಲಾಯಿಸಿಕೊಳ್ಳೋಣ ಅಂತ ನನಗೆ ಹೊಳೆಯಲೇ ಇಲ್ಲ. ಗೆಲ್ಲುತ್ತಿದ್ದವಳಿಗೆ ಯಾಕೆ ಹೊಳೆಯುತ್ತದೆ?

ಆಟೋದಲ್ಲಿ ವಾಪಸ್ ಬರುವಾಗ ಅಕ್ಕ ಹೇಳಿದಳು. “ಡಾಕ್ಟರಿಗೆ ಮೆಸೇಜ್ ಹಾಕ್ಬುಟ್ಟೆ. ಮುಂದಿನ ತಿಂಗಳಿಂದ ಬೇರೆಯವರನ್ನ ನೋಡ್ಕೊಳ್ಳಿ ಅಂತ.”

“ಅಯ್ಯೋ, ಒಂದು ಗೇಮಿಗೆ?”

“ಗೇಮಿಗಲ್ಲ ಕಣೇ. ನಾನು ಮನಸ್ಸಲ್ಲೇ ಅಂದ್ಕೊಂಡಿದ್ದೆ. ಹತ್ತು ದೆವ್ವ ಹೊಡೆದ್ರೆ ಇನ್ನೊಂದು ವರ್ಷ ಇರ್ತೀನಿ ಅಂತ. ಹತ್ತು ಬೇಡ, ಒಂದು? ಕೈ ನಡುಗ್ತಿದೆ ನಂದು. ನಂಗೆ ಗೊತ್ತಾಗ್ತಿಲ್ಲ, ಅಷ್ಟೇ. ಇನ್ನೊಬ್ರ ಕೈಗೆ ಸೂಜಿ ಹಾಕೋ ಕೆಲಸ ಇದು. ಗೊತ್ತಿದ್ದೂ ಮಾಡಬಾರದು.”

ನಾನು ತಮಾಷೆಗೆ ಕರೆದುಕೊಂಡು ಹೋದ ಜಾಗದಲ್ಲಿ ಅವಳು ಮೂವತ್ತು ವರ್ಷದ ಕೆಲಸ ಬಿಟ್ಟು ಬಂದಿದ್ದಳು. ಮೇಲೆ ನನ್ನ ಆನೆ ಗಾತ್ರದ ಜೋಕು ಬೇರೆ. ನಾಚಿಕೆಯಾಯಿತು.

ಆದರೂ ಅಂಕಣ ಬರೆಯುವವರಿಗೆ ನಾಚಿಕೆಗಿಂತ ಗಡುವು ದೊಡ್ಡದು. ಮನೆಗೆ ಬಂದು ಈ ಗೇಮಿನ ಗುಣದೋಷಗಳ ಬಗ್ಗೆಯೇ ಒಂದು ಪುಟ ಬರೆದೆ. ಲಿಫ್ಟಿಗೆ ಹತ್ತು, ರಕ್ತಕ್ಕೆ ಎರಡು, ಕಥೆಗೆ ಗ್ರೇಸ್ ಮಾರ್ಕು. ಕೊನೆಯ ದೊಡ್ಡ ದೆವ್ವ ಎಷ್ಟು ಗುಂಡಿಗೆ ಬೀಳುತ್ತದೆ ಅನ್ನುವುದು ಖಾತ್ರಿಯಿರಲಿಲ್ಲ. ತಪ್ಪು ಬರೆದರೆ ನಿಮ್ಮಲ್ಲಿ ಯಾರಾದರೂ ಪತ್ರ ಹಾಕುತ್ತೀರಿ. ಅದಕ್ಕೇ ಎರಡು ದಿನ ಬಿಟ್ಟು ಒಬ್ಬಳೇ ಮತ್ತೆ ದಟ್ಟಗಳ್ಳಿಗೆ ಹೋದೆ.

ಮಂಜುಳಾ ಕೆಂಪು ಬಂದೂಕನ್ನು ಮಡಿಲಲ್ಲಿಟ್ಟುಕೊಂಡು ಒದ್ದೆ ಬಟ್ಟೆಯಿಂದ ಅದರ ಮೂತಿ ಉಜ್ಜುತ್ತಿದ್ದಳು. ಮೊನ್ನೆ ಅಕ್ಕ ಹಿಡಿದಿದ್ದ ಬಂದೂಕು.

“ಏನಾಯ್ತೇ?” ಅಂದೆ.

“ನೋಡಿ ಮಿಸ್, ನಿನ್ನೆ ಬಂದೋರೆಲ್ಲ ಒಂದೇ ಕಂಪ್ಲೇಂಟು. ಕೆಂಪು ಗನ್ನಲ್ಲಿ ಒಂದೂ ಬೀಳ್ತಿಲ್ಲ ಅಂತ. ಬಿಚ್ಚಿಸೋಣ ಅಂತಿದ್ದೆ. ಬಗ್ಗಿ ನೋಡಿದ್ರೆ, ಇದ್ರ ಬಾಯಲ್ಲಿ ಗಾಜಿದೆಯಲ್ಲ, ಅದ್ರ ಮ್ಯಾಲೆ ಯಾರೋ ಗಂಧ ಮೆತ್ತಿ ಕುಂಕುಮ ಇಟ್ಬುಟ್ಟವ್ರೆ! ಒಣಗಿ ಸಿಮೆಂಟ್ ಆಗೋಗದೆ. ಆ ಗಾಜೇ ಇದ್ರ ಕಣ್ಣು ಮಿಸ್. ಕಣ್ಣು ಮುಚ್ಚೋದ್ರೆ ಎಂಗೆ ಹೊಡೀತದೆ?”

ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ.

ಆಯುಧಪೂಜೆಯ ದಿನ ಮಂಜುಳಾ ನನ್ನನ್ನು ಕರೆದಿದ್ದಳು. ಅವಳು ಬಾಗಿಲಲ್ಲಿ ಬೂದುಗುಂಬಳಕಾಯಿ ಹಿಡಿದುಕೊಂಡು ಪರದಾಡುತ್ತಿದ್ದಳು. ನಾನು ಗಂಧದ ಬಟ್ಟಲು ಹಿಡಿದು ಒಂದೊಂದೇ ಮೆಷಿನ್ನಿಗೆ ಬೊಟ್ಟಿಡುತ್ತಾ ಹೋದೆ. ಸ್ಕೂಟರಿಗೆ ಇಡುವುದು ಲೈಟಿನ ಮೇಲೆ. ಹೊಲಿಗೆ ಮೆಷಿನ್ನಿಗೆ ಎದುರಿನ ಪಟ್ಟಿಯ ಮೇಲೆ. ಬಂದೂಕಿಗೆ ಹಣೆ ಯಾವುದು? ಒಂದು ಗಳಿಗೆ ಯೋಚಿಸಿದೆ. ಮುಖ ಅಂತ ಅದಕ್ಕಿರುವುದು ಮೂತಿಯೊಂದೇ. ಅಲ್ಲೇ ದುಂಡಗೆ, ಅಳತೆ ಹಿಡಿದ ಹಾಗೆ ಗಂಧ ಇಟ್ಟು, ಅದರ ಮೇಲೆ ಕುಂಕುಮ ಇಟ್ಟೆ. ಚೆನ್ನಾಗಿ ಕಾಣುತ್ತಿದೆ ಅಂತ ಒಂದು ಫೋಟೋ ಬೇರೆ ತೆಗೆದೆ. ನೀಲಿ ಬಂದೂಕಿನ ಹೊತ್ತಿಗೆ ಮಂಜುಳಾ ಬಂದಳು. ಅವಳು ಹಿಡಿಕೆಗೆ ಇಟ್ಟಳು.

ಮಾರನೇ ದಿನ ವಿಜಯದಶಮಿ, ಗೇಮ್ ಸೆಂಟರ್ ಮುಚ್ಚಿತ್ತು. ಅದರ ಮಾರನೇ ದಿನ ಮೊದಲ ಗಿರಾಕಿಗಳು ನಾವೇ. ಪೂಜೆಯ ಕುಂಕುಮವನ್ನು ಯಾರು ಒರೆಸುತ್ತಾರೆ? ಅದು ತಾನಾಗೇ ಉದುರಬೇಕು.

ಗಾಜು ಮುಚ್ಚಿದರೆ ಬಂದೂಕು ಏನಂದುಕೊಳ್ಳುತ್ತದೆ ಗೊತ್ತೇ? ಮಂಜುಳಾ ವಿವರಿಸಿದಳು. ಈ ಗೇಮಿನಲ್ಲಿ ಗುಂಡು ತುಂಬಿಕೊಳ್ಳಲು, ನಾನೂ ಮಾಡುತ್ತಿದ್ದ ಹಾಗೆ, ಬಂದೂಕನ್ನು ತೆರೆಯಿಂದಾಚೆಗೆ ತಿರುಗಿಸಿ ಟ್ರಿಗರ್ ಒತ್ತಬೇಕು. ಬಂದೂಕಿಗೆ ತೆರೆ ಕಾಣಿಸದಿದ್ದರೆ, ಆಟಗಾರರು ಗುಂಡು ತುಂಬುತ್ತಿದ್ದಾರೆ ಅಂದುಕೊಳ್ಳುತ್ತದೆ. ಅಂದರೆ ನಮ್ಮಕ್ಕ ಮೂರು ಆಟದ ಉದ್ದಕ್ಕೂ ಒಂದೇ ಒಂದು ಗುಂಡನ್ನೂ ಹೊಡೆದಿರಲಿಲ್ಲ. ತುಂಬುತ್ತಲೇ ಇದ್ದಳು. ಟಕ್ ಟಕ್ ಅಂತ ಆ ಸದ್ದು ಬರುತ್ತಲೇ ಇತ್ತು. ನನ್ನ ಬಂದೂಕಿನ ಗದ್ದಲದಲ್ಲಿ ನಾವು ಅದನ್ನೇ ಗುಂಡು ಹಾರಿದ ಸದ್ದು ಅಂದುಕೊಂಡೆವು.

“ಅದನ್ನ ಇಟ್ಟಿದ್ದು ನಾನೇ ಕಣೇ ಮಂಜುಳಾ,” ಅಂದೆ.

ಅವಳು ನನ್ನ ಮುಖ ನೋಡಿದಳು. ಬೈಯಲಿಲ್ಲ. “ಓಗ್ಲಿ ಬುಡಿ ಮಿಸ್,” ಅಂದಳು. ಒಂಬತ್ತನೇ ಕ್ಲಾಸಿನಲ್ಲಿ ನಾನು ಅವಳಿಗೆ ಒಂದು ಸಲವೂ ಹೀಗೆ ಹೇಳಿದ ನೆನಪಿಲ್ಲ.

ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದೆ. ಒಂದೇ ಉಸಿರಿಗೆ ಎಲ್ಲ ಒಪ್ಪಿಕೊಂಡೆ. ಆ ಕಡೆಯಿಂದ ಅಕ್ಕ ನಕ್ಕಳು. ಬಹಳ ದಿನದ ಮೇಲೆ ಕೇಳಿದ ನಗು.

“ಬಂದೂಕನ್ನೂ ಮುತ್ತೈದೆ ಮಾಡ್ಬುಟ್ಯಲ್ಲೇ!”

“ಡಾಕ್ಟರಿಗೆ ಈಗ್ಲೇ ಹೇಳು, ಇರ್ತೀನಿ ಅಂತ. ಬಾ, ಇಲ್ಲೇ ಇದೀನಿ, ಇನ್ನೊಂದಾಟ ಆಡೋಣ.”

ನಗು ನಿಂತಿತು. “ಬೇಡ ಕಣೇ. ಬಂದೂಕು ಕೆಟ್ಟಿತ್ತು ಅಂದ್ರೆ ನನ್ನ ಕೈ ಸರಿಯಿದೆ ಅಂತ ಅರ್ಥವಾ? ಯಾದವಗಿರಿ ಮನೇಲಿ ಯಾರೂ ಕುಂಕುಮ ಇಟ್ಟಿರಲಿಲ್ಲವಲ್ಲ.”

ಅಕ್ಕನ ತರ್ಕ ಯಾವತ್ತೂ ನನ್ನದಕ್ಕಿಂತ ಗಟ್ಟಿ. ಆ ಯಜಮಾನರ ಕೈಯಲ್ಲಿ ನಾಳ ಬತ್ತಿತ್ತೋ, ಅಕ್ಕನ ಬೆರಳೇ ಸೋತಿತ್ತೋ, ಅದನ್ನು ಯಾವ ಗೇಮೂ ಹೇಳುವುದಿಲ್ಲ. ಹೇಳಬಲ್ಲದ್ದು ಒಂದೇ. ಅವಳ ಸೂಜಿಗೆ ಒಡ್ಡಿದ ಇನ್ನೊಂದು ಕೈ.

ರಾತ್ರಿಯೆಲ್ಲ ಯೋಚನೆ ಮಾಡಿದೆ ಅಂತ ಬರೆದರೆ ಚೆನ್ನಾಗಿರುತ್ತದೆ. ಮಾಡಲಿಲ್ಲ, ಮಾಡಿದ್ದರೆ ಹೆದರಿಬಿಡುತ್ತಿದ್ದೆ. ನನಗೆ ದೆವ್ವಕ್ಕಿಂತ ಸೂಜಿಯ ಹೆದರಿಕೆ ಜಾಸ್ತಿ. ರಕ್ತ ಪರೀಕ್ಷೆ ಮಾಡಿಸಿ ವರ್ಷಗಳೇ ಆಗಿವೆ. ಒಡಹುಟ್ಟಿದ ಅಕ್ಕನೇ ಟೆಕ್ನಿಷಿಯನ್ ಆಗಿದ್ದೂ! ಅದೂ ಅಲ್ಲದೆ ನನ್ನ ಕೈ ಅಕ್ಕನ ಪಾಲಿಗೂ ಕಷ್ಟದ್ದು. ದಪ್ಪ ತೋಳು, ಆಳದಲ್ಲೆಲ್ಲೋ ಅವಿತುಕೊಂಡ ನಾಳ. ಹಿಂದೊಮ್ಮೆ ಬೇರೊಂದು ಕಡೆ ನಾಲ್ಕು ಸಲ ಚುಚ್ಚಿಸಿಕೊಂಡು ತಲೆ ತಿರುಗಿ ಬಿದ್ದಿದ್ದೆ.

ಬೆಳಿಗ್ಗೆ ಆರೂಕಾಲಿಗೆ, ಖಾಲಿ ಹೊಟ್ಟೆಯಲ್ಲಿ, ಅಕ್ಕ ಸ್ಕೂಟರ್ ತೆಗೆಯುವ ಹೊತ್ತಿಗೆ ಸರಿಯಾಗಿ ಅವಳ ಮನೆಗೆ ಹೋದೆ. ಕುರ್ಚಿ ಎಳೆದು ಕೂತು ತೋಳು ಚಾಚಿದೆ.

“ತೆಗಿ,” ಅಂದೆ.

“ಏನು?”

“ರಕ್ತ. ಶುಗರ್ ನೋಡು.”

ಅಕ್ಕ ಬಾಗಿಲಲ್ಲೇ ನಿಂತಳು. “ಬೇಡ ಕಣೇ. ಮೂರು ಸಲ ಚುಚ್ಚಿದ್ರೆ ನೀನೇ ಕಿರುಚ್ತೀಯ.”

“ಕಿರುಚ್ತೀನಿ. ನೀನು ನಾಲ್ಕನೇ ಸಲ ಚುಚ್ಚು. ನಾನು ಬೇರೆಯವರನ್ನ ಕಳಿಸಿ ಅನ್ನಲ್ಲ.”

ಅವಳ ಕಣ್ಣು ತುಂಬಿತು. ನನ್ನದೂ. (ಆರೂಕಾಲಿಗೆ, ಕಾಫಿಯೂ ಇಲ್ಲದೆ, ಬೇರೆ ಏನು ಮಾಡಲು ಸಾಧ್ಯ?) ಡಬ್ಬಿ ತೆರೆದಳು. ತೋಳಿಗೆ ಪಟ್ಟಿ ಬಿಗಿದಳು. ಎರಡು ಬೆರಳಿಟ್ಟಳು. ಸುಮ್ಮನಾದಳು. ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ನಿಜ ಹೇಳುತ್ತೇನೆ, ಒಂಚೂರು ನಡುಗುತ್ತಿತ್ತು. ವಯಸ್ಸು ಆಗಿಲ್ಲ ಅಂತ ಯಾರು ಹೇಳಿದರು?

ಈ ಸಲ ಅವಳು ಒಂದು ಕ್ಷಣಕ್ಕೆ ಬದಲು ಬಹಳ ಹೊತ್ತು ಸುಮ್ಮನಿದ್ದಳು. ಬೆರಳು ಒಂದಿಷ್ಟು ಕೆಳಗೆ ಜಾರಿಸಿದಳು. ಮತ್ತೆ ಮೇಲೆ ತಂದಳು. ಅವಸರ ಮಾಡಲು ಅಲ್ಲಿ ಯಾವ ಹಳಿಯೂ ಇರಲಿಲ್ಲ. ನಿಂತುಕೊಂಡಳು, ಹಿಂದೆ ಹೋದಳು, ಇನ್ನೊಮ್ಮೆ ಹುಡುಕಿದಳು. ಆಮೇಲೆ ನನಗೆ ಕಂಡಿದ್ದು ಟ್ಯೂಬಿನೊಳಗೆ ಏರುತ್ತಿದ್ದ ರಕ್ತ. ಕಪ್ಪುಕಪ್ಪಗಿತ್ತು, ಅವಳು ಹೇಳಿದ ಹಾಗೇ.

“ನೋವಾಯ್ತೇನೇ?”

“ಚುಚ್ಚಿದ್ಯಾ?”

ಅಕ್ಕ ಹತ್ತಿ ಒತ್ತಿದಳು. ಟ್ಯೂಬಿನ ಮೇಲೆ ನನ್ನ ಹೆಸರು ಬರೆದಳು. ಮುಖ ಆ ಕಡೆ ತಿರುಗಿಸಿಕೊಂಡು ಮೂಗು ಒರೆಸಿಕೊಂಡಳು.

“ಇನ್ನೊಂದು ವರ್ಷ ಇರ್ತೀನಿ ಅಂತ ಡಾಕ್ಟರಿಗೆ ಹೇಳ್ಬುಡ್ತೀನಿ,” ಅಂದಳು. “ಯಾರಿಗಾದ್ರೂ ಎರಡನೇ ಸಲ ಚುಚ್ಚೋ ಹಂಗಾದ್ರೆ ನಾನೇ ಬಿಟ್ಟು ಬರ್ತೀನಿ. ಸಾಯಂಕಾಲ ನಿನ್ನ ರಿಪೋರ್ಟ್ ಬರುತ್ತೆ. ಹಬ್ಬದಲ್ಲಿ ತಿಂದ ಮೈಸೂರ್‌ಪಾಕಿಗೆಲ್ಲ ಉತ್ತರ ಹೇಳೋಕೆ ರೆಡಿಯಾಗಿರು.”

ರಿಪೋರ್ಟ್ ಬಂತು. ಅದರ ವಿಷಯ ಇಲ್ಲಿ ಬೇಡ. ನೀವು ನಿಮ್ಮ ಪಾಡಿಗೆ ಮೈಸೂರ್‌ಪಾಕ್ ತಿನ್ನಿ. ನನ್ನದೊಂದೇ ಪ್ರಶ್ನೆ: ಪಕ್ಕದಲ್ಲಿ ಕೂತು ಸೋಲುತ್ತಿರುವವರನ್ನು ಅಣಕಿಸುವ ಮೊದಲು, ಅವರ ಬಂದೂಕಿನ ಕಣ್ಣಿಗೆ ಬೊಟ್ಟಿಟ್ಟವರು ನಾವೇ ಅಲ್ಲ ತಾನೆ ಅಂತ ಒಮ್ಮೆ ಬಗ್ಗಿ ನೋಡಬಾರದೇ?